ಬಾಗಿಲೊಳಗಿನ ಕಾಶೆವ್ವ

ನನ್ನ ದನಿ ಹೋಗಿದೆ ಎಂದು ಮೊದಲು ಹೇಳಿದವರು ನನ್ನ ಗಂಡ. ಅವರ ಹೆಸರು ಉಳವಪ್ಪ. ಬಾಯಿಬಿಟ್ಟು ಆ ಹೆಸರು ಹೇಳುವ ರೂಢಿ ನನಗಿಲ್ಲ, ಬರೆಯುವುದಕ್ಕೇನೂ ಅಡ್ಡಿಯಿಲ್ಲ. ಒಂದು ಸೋಮವಾರ ಭಜನೆ ಮುಗಿಸಿ ದಾಂಡೇಲಿಯ ನಮ್ಮ ಕಾಲೊನಿಯ ತಿರುವಿನಲ್ಲಿ ಬರುತ್ತಿದ್ದಾಗ ಅವರು ಚಪ್ಪಲಿಯ ಕಲ್ಲು ಕೊಡವುತ್ತ, "ಯಾಕೋ ನಿನ್ನ ದನಿ ಮೊದಲಿನಂಗ ಇಲ್ಲ. ಅಕ್ಷರ ನುಂಗಾಕತ್ತಿ" ಎಂದರು. ಹೇಳಿದವರು ಮನೆಗೆ ಬಂದು ಎರಡು ರೊಟ್ಟಿ ಹೆಚ್ಚೇ ಉಂಡರು. ನನಗೆ ಊಟ ಸೇರಲಿಲ್ಲ.

ಬೇರೆ ಯಾರಾದರೂ ಅಂದಿದ್ದರೆ ತಿರುಗಿ ಬೀಳುತ್ತಿದ್ದೆ. ಆದರೆ ಈ ಮನುಷ್ಯ ನನ್ನನ್ನು ನೋಡಿ ಒಪ್ಪಿದವರಲ್ಲ, ಕೇಳಿ ಒಪ್ಪಿದವರು. ಕನ್ಯೆ ನೋಡಲು ನಮ್ಮೂರಿಗೆ ಬಂದಾಗ ಹಿರಿಯರು, "ಒಂದು ಹಾಡು ಹೇಳವಾ" ಎಂದರು. ನಾನು ಕಂಬಕ್ಕೆ ಒರಗಿ ಹಾಡಿದೆ. ಇವರು ತಲೆ ಎತ್ತಲೇ ಇಲ್ಲ. ಅವಲಕ್ಕಿಯ ತಟ್ಟೆ ತೊಡೆಯ ಮೇಲೆ ಇಟ್ಟುಕೊಂಡು ಕಣ್ಣು ಮುಚ್ಚಿ ಕೂತಿದ್ದರು. ಮದುವೆಯಾಗಿ ವಾರವಾದ ಮೇಲೆ ನನ್ನ ಗದ್ದದ ಮೇಲಿನ ಮಚ್ಚೆ ಕಂಡು, "ಇದು ಮೊದಲ ಇತ್ತೇನು?" ಎಂದು ಕೇಳಿದ ಗಂಡಸು ಇವರು. ಇಂಥವರು ದನಿ ಹೋಯಿತು ಅಂದರೆ ಹೋಯಿತು ಎಂದೇ ಲೆಕ್ಕ.

ಆದರೂ ಇನ್ನೊಬ್ಬರನ್ನು ಕೇಳೋಣ ಎಂದು ಭಜನೆಯ ಹಾರ್ಮೋನಿಯಂ ಬಸಲಿಂಗಯ್ಯನವರನ್ನು ಕೇಳಿದೆ. ಅವರು ಬಹಳ ನೊಂದುಕೊಂಡು, "ಹೌದು ತಂಗಿ, ದನಿ ಇಳದೈತಿ. ನಾನ ಹೇಳಬೇಕಂತಿದ್ದೆ, ಬಾಯಿ ಬರಲಿಲ್ಲ" ಎಂದರು. ತಾಳದ ಚನಬಸಪ್ಪನವರೂ ತಲೆ ಆಡಿಸಿದರು. ಪಕ್ಕದ ಮನೆಯ ಗುರುಸಿದ್ದವ್ವ ಮಾತ್ರ, "ಏನೂ ಆಗಿಲ್ಲ, ಸುಮ್ನಿರ ಮಾರಾಯ್ತಿ" ಎಂದಳು. ಅವಳಿಗೆ ಶ್ರುತಿ ಎಂದರೇನೆಂದು ಇವತ್ತಿಗೂ ಗೊತ್ತಿಲ್ಲ. ಸಮಾಧಾನಕ್ಕೆ ಹೇಳುತ್ತಾಳೆ ಎಂದುಕೊಂಡೆ. ಅಂದಿನಿಂದ ಭಜನೆಯಲ್ಲಿ ಹಿಂದಿನ ಸಾಲಿಗೆ ಸರಿದು ಬರೀ ಚಪ್ಪಾಳೆ ತಟ್ಟಿದೆ. ಆಮೇಲೆ ಒಲೆಯ ಮುಂದೆ ಗುನುಗುವುದನ್ನೂ ಬಿಟ್ಟೆ. ಎರಡು ವರ್ಷ ನಮ್ಮ ಮನೆಯಲ್ಲಿ ಒಗ್ಗರಣೆ ಕೂಡ ಸಪ್ಪಳವಿಲ್ಲದೆ ಬೀಳುತ್ತಿತ್ತು ಎಂದರೆ ನಂಬಬೇಕು.

ಈ ಮೂವರೂ ಗಂಡಸರು ಜೀವಮಾನವಿಡೀ ಕಾಗದದ ಮಿಲ್ಲಿನ ಮಶೀನ್ ಹೌಸಿನಲ್ಲಿ, ಒಂದೇ ಮಶೀನಿನ ಮೇಲೆ ದುಡಿದವರು. ಕಿವಿಗೆ ಹಾಕಿಕೊಳ್ಳಲು ಬಿರಡೆಗಳನ್ನು ಕೊಟ್ಟಿದ್ದರು. ಇವರು ಅವನ್ನು ಅಂಗಿಯ ಕಿಸೆಯಲ್ಲಿ ಇಟ್ಟುಕೊಂಡೇ ನಿವೃತ್ತರಾದರು. "ಮಶೀನಿನ ಆರೋಗ್ಯ ಕಿವಿಗೇ ತಿಳಿಯೋದು, ಕಿವಿ ಮುಚ್ಚಿಕೊಂಡ್ರ ಡಾಕ್ಟರ ನಾಡಿ ಹಿಡಿಯೋದ ಬಿಟ್ಟಂಗ" ಎಂಬುದು ಅವರ ವಾದ. ಕಿವಿಗೆ ಸಾಲದ್ದನ್ನು ಅಂಗೈ ನೋಡಿಕೊಳ್ಳುತ್ತಿತ್ತು. ತಿರುಗುವ ಬೇರಿಂಗಿನ ಮೇಲೆ ಅಂಗೈ ಇಟ್ಟು ಅದರ ಸುಖದುಃಖ ಹೇಳುತ್ತಿದ್ದರು. ಆ ಅಭ್ಯಾಸ ಮನೆಗೂ ಬಂತು. ನಮ್ಮ ಫ್ರಿಜ್ಜು, ಮಿಕ್ಸರು, ಪಕ್ಕದ ಮನೆಯ ನೀರಿನ ಪಂಪು, ಯಾವುದರ ಬೆನ್ನೂ ಇವರ ಅಂಗೈ ಕಾಣದೆ ಉಳಿದಿಲ್ಲ.

ಮಿಲ್ಲಿನ ಗದ್ದಲದಲ್ಲಿ ಮಾತು ನಡೆಯುತ್ತಿರಲಿಲ್ಲ, ಎಲ್ಲ ಕೈಸನ್ನೆ. ಎರಡು ಮುಷ್ಟಿ ಜೋಡಿಸಿ ಸರಕ್ಕನೆ ಎಳೆದರೆ ಹಾಳಿ ಹರಿಯಿತು ಎಂದು ಅರ್ಥ. ಕಾಗದಕ್ಕೆ ನಾವು ಹಾಳಿ ಎನ್ನುತ್ತೇವೆ. ಅಂಗೈ ಚಪ್ಪಟೆ ಮಾಡಿ ಗಾಳಿಯಲ್ಲಿ ನಿಧಾನ ಮುಂದೆ ಸರಿಸಿದರೆ ಹಾಳಿ ನೆಟ್ಟಗೆ ಓಡುತ್ತಿದೆ, ಚಿಂತೆಯಿಲ್ಲ ಎಂದು. ಈ ಎರಡು ಸನ್ನೆಯ ಮೇಲೆ ನಮ್ಮ ಸಂಸಾರವೂ ಅರ್ಧ ನಡೆದಿದೆ. ಪಲ್ಯಕ್ಕೆ ಉಪ್ಪು ಹದವಾದ ದಿನ ಅಂಗೈ ಮುಂದೆ ಸರಿಯುತ್ತಿತ್ತು, ನನಗೆ ಅಷ್ಟು ಸಾಕಾಗುತ್ತಿತ್ತು.

ನಿವೃತ್ತರಾದ ಮೇಲೆ ಒಂದು ಕಾರು ಬಂತು. ಮಗಳು ಪೂರ್ಣಿಮಾ ಮುಂಡಗೋಡದಲ್ಲಿ ಹೈಸ್ಕೂಲು ಟೀಚರು. ಅವಳ ಜೊತೆಯ ಮಾಸ್ತರರೊಬ್ಬರು ತಮ್ಮ ಹಳೆಯ ಬಿಳಿ ಕಾರು ಮಾರಿದಾಗ ಅವಳೇ ನಡುವೆ ನಿಂತು ಕೊಡಿಸಿದಳು. ಜೊತೆಗೆ ಒಂದು ಪೆನ್‌ಡ್ರೈವ್ ಕೊಟ್ಟಳು. ಆರೇಳು ವರ್ಷದ ಹಿಂದೆ, ನನ್ನ ದನಿ ದನಿಯಾಗಿದ್ದ ಕಾಲದ ಒಂದು ಶ್ರಾವಣದ ಭಜನೆಯಲ್ಲಿ ನಾನು ಹಾಡಿದ ತತ್ವಪದವನ್ನು ಅವಳು ಫೋನಿನಲ್ಲಿ ಹಿಡಿದಿಟ್ಟಿದ್ದಳು. ಅದು ಆ ಪೆನ್‌ಡ್ರೈವಿನಲ್ಲಿತ್ತು.

ಮೊದಲ ಪಯಣ ಉಳವಿಗೆ. ಬೆಳಗಿನ ಮಂಜು ಎಷ್ಟು ದಟ್ಟವಾಗಿತ್ತೆಂದರೆ ಜೋಯಿಡಾ ದಾಟಿದ್ದೇ ತಿಳಿಯಲಿಲ್ಲ. ತೇಗದ ಮರಗಳು ಒಂದೊಂದಾಗಿ ಬಂದು, ನಮ್ಮನ್ನು ನೋಡಿ, ಹಿಂದಕ್ಕೆ ಹೋಗುತ್ತಿದ್ದವು. ಗಾಜು ಏರಿಸಿದ್ದೆವು. ರಸ್ತೆ ಎಲ್ಲಿದೆ, ನಾವು ಎಲ್ಲಿದ್ದೇವೆ ಎಂಬುದೆಲ್ಲ ಕರಗಿ, ಕೂತಲ್ಲೇ ಯಾರೋ ನಮ್ಮನ್ನು ಹೊತ್ತು ಒಯ್ಯುತ್ತಿದ್ದಾರೆ ಅನ್ನಿಸುತ್ತಿತ್ತು. ಆಗ ಇವರು ಪೆನ್‌ಡ್ರೈವ್ ಸಿಕ್ಕಿಸಿದರು. ನನ್ನ ಮೊಣಕೈಯ ಪಕ್ಕದ ಬಾಗಿಲಿನೊಳಗಿಂದ ನಾನೇ ಹಾಡತೊಡಗಿದೆ.

ಸೀಟಿನಲ್ಲಿ ಒಬ್ಬ ಕಾಶೆವ್ವ, ಬಾಗಿಲಿನಲ್ಲಿ ಒಬ್ಬ ಕಾಶೆವ್ವ. ಬಾಗಿಲಿನವಳಿಗೆ ವಯಸ್ಸು ಕಡಿಮೆ, ಧೈರ್ಯ ಹೆಚ್ಚು, ಉಸಿರು ಉದ್ದ. ಅವಳು ಹಾಡುತ್ತಿದ್ದಳು, ನಾನು ಕೈ ಕಟ್ಟಿ ಕೇಳುತ್ತಿದ್ದೆ.

ಇವರು ಹುಬ್ಬು ಗಂಟು ಹಾಕಿ, ದನಿ ಏರಿಸಿ, ಮತ್ತೆ ಏರಿಸಿ, "ಥೂ, ಈ ಕಾರಿನ ಸ್ಪೀಕರ್ ಸರಿ ಇಲ್ಲ. ಅಕ್ಷರ ನುಂಗತಾವ" ಎಂದರು.

"ಹಳೇ ಕಾರಲ್ರಿ" ಎಂದೆ. ನನಗೂ ಕೊಂಚ ಮಬ್ಬಾಗಿಯೇ ಕೇಳಿತ್ತು.

"ಎಷ್ಟರ ಖರ್ಚಾಗಲಿ, ಇದನ್ನ ಸರಿ ಮಾಡಸ್ತೇನಿ. ನಿನ್ನ ಆ ದನಿ ಅಂದ್ರ ಈಗ ಉಳದಿದ್ದು ಇದೊಂದ. ಇದನ್ನರ ನೆಟ್ಟಗ ಕೇಳಬೇಕು."

ಅದು ಪ್ರೀತಿಯ ಮಾತು ಎಂದು ನನಗೆ ಗೊತ್ತು. ಆದರೂ ಬಾಗಿಲಿನವಳ ಮೇಲೆ ಸಿಟ್ಟು ಬಂತು. ಜೀವಂತ ಹೆಂಡತಿ ಪಕ್ಕದಲ್ಲಿ ಕೂತಿರುವಾಗ, ಬಾಗಿಲಿನಲ್ಲಿ ಕೂತವಳಿಗೆ ಸಿಂಗಾರ ಮಾಡಿಸಲು ಹೊರಟ ಗಂಡನಿಗೆ ಏನನ್ನಬೇಕು? ಉಳವಿ ಮುಟ್ಟುವವರೆಗೂ ನಾನು ಮಾತಾಡಲಿಲ್ಲ. ಅವರಿಗೆ ಅದು ತಿಳಿಯಲೂ ಇಲ್ಲ.

ಊರಿಗೆ ಮರಳಿದ ಮೇಲೆ ನಮ್ಮ ಮನೆಯ ಮುಂದೆ ದೊಡ್ಡ ಪರೀಕ್ಷೆ ನಡೆಯಿತು. ಬಸಲಿಂಗಯ್ಯನವರು, ಚನಬಸಪ್ಪನವರು, ಇವರು ಸರದಿಯಂತೆ ಮುಂದಿನ ಸೀಟಿನಲ್ಲಿ ಕೂತು, ಗಾಜು ಏರಿಸಿ, ಕಣ್ಣು ಮುಚ್ಚಿ, ಬಾಗಿಲಿಗೆ ಅಂಗೈ ಹಚ್ಚಿ ಕೇಳಿದರು. ಹೊರಗೆ ಇಳಿದು ಒಬ್ಬರಿಗೊಬ್ಬರು ಮುಷ್ಟಿ ಎಳೆದು ತೋರಿಸಿದರು. ಹಾಳಿ ಹರಿದಿತ್ತು.

"ಸ್ಪೀಕರ್ ಪೂರಾ ಸತ್ತಾವು. ನನ್ನ ತಾಳನ ಕೇಳವಲ್ಲದು" ಎಂದರು ಚನಬಸಪ್ಪನವರು.

ಹುಬ್ಬಳ್ಳಿಯ ದೊಡ್ಡ ಅಂಗಡಿಯೊಂದರಲ್ಲಿ ವಿಚಾರಿಸಿದರೆ, ಅವರು ಹೇಳಿದ ದರಕ್ಕೆ ಇಂಥದೇ ಇನ್ನೊಂದು ಹಳೆಯ ಕಾರು ಬರುತ್ತಿತ್ತು. ಇವರು ಫೋನಿಟ್ಟುಬಿಟ್ಟರು. ಆಮೇಲೆ ಯಾರೋ ಹಳಿಯಾಳದ ಬಾಳೇಶನ ಹೆಸರು ಹೇಳಿದರು. ಅಪಘಾತವಾದ ಕಾರುಗಳಿಂದ ಬಿಚ್ಚಿದ ಒಳ್ಳೆಯ ಸ್ಪೀಕರುಗಳನ್ನು ತಂದು ಕೂಡಿಸಿಕೊಡುತ್ತಾನೆ, ಬಾಯಿ ಜೋರು, ಕೈ ಸ್ವಚ್ಛ ಎಂದರು. ಬಾಳೇಶ ಫೋನಿನಲ್ಲೇ ಉಪಾಯ ಹೇಳಿದ. "ಕಾಕಾ, ಹಿಂದಿನ ಬಾಗಲ ಮರತುಬಿಡ್ರಿ. ಹಾಡೋ ಸೆಟ್ಟೂ ಕಂಪನೀದ ಇರಲಿ. ಇದ್ದ ರೊಕ್ಕ ಎಲ್ಲಾ ಮುಂದಿನ ಎರಡು ಬಾಗಲಕ್ಕ ಹಾಕೂಣು. ಬಾಗಲದಾಗ ಸದ್ದು ತಡಿಯಾಕ ಏನರ ದಪ್ಪ ಬಟ್ಟಿ ಬೇಕು, ಅದು ಭಾಳ ತುಟ್ಟಿ ಐತಿ ನೋಡ್ರಿ."

ದಪ್ಪ ಬಟ್ಟೆ ಎಂದ ಕೂಡಲೇ ಇವರ ಮುಖ ಅರಳಿತು. ನಮ್ಮ ಕಾಲೊನಿಯಲ್ಲಿ ಅದೊಂದಕ್ಕೆ ಬರವಿಲ್ಲ. ಮಶೀನಿನಲ್ಲಿ ಒದ್ದೆ ಹಾಳಿಯನ್ನು ಹೊತ್ತು ಸಾಗುವ ಕಂಬಳಿಯಂಥ ಪಟ್ಟಿಗೆ ಫೆಲ್ಟು ಎನ್ನುತ್ತಾರೆ. ಸವೆದ ಮೇಲೆ ಅದನ್ನು ಕತ್ತರಿಸಿ ಕೆಲಸಗಾರರಿಗೆ ಕೊಡುತ್ತಿದ್ದರು. ನಮ್ಮ ಓಣಿಯಲ್ಲಿ ಕೂಸುಗಳು ಫೆಲ್ಟಿನ ಮೇಲೆ ಹೊರಳಿ ಬೆಳೆದಿವೆ, ಸ್ಕೂಟರುಗಳು ಫೆಲ್ಟು ಹೊದ್ದು ಮಲಗಿವೆ, ಹಪ್ಪಳ ಅದರ ಮೇಲೇ ಒಣಗಿವೆ. ನಾನು ಟ್ರಂಕಿನಿಂದ ಎರಡು ತುಂಡು ತೆಗೆದುಕೊಟ್ಟೆ. ಒಂದರ ಮೇಲೆ ಪೂರ್ಣಿಮಾ ಅಂಬೆಗಾಲಿಕ್ಕಿದ್ದಳು. ಕೊಡುವಾಗ ಬಾಗಿಲಿನ ಕಾಶೆವ್ವನಿಗೆ ಹಾಸಿಗೆ ಹಾಸಿಕೊಡುತ್ತಿದ್ದೇನೆ ಎನ್ನಿಸಿ ಟ್ರಂಕಿನ ಮುಚ್ಚಳವನ್ನು ಧಡ್ಡೆಂದು ಹಾಕಿದೆ.

ಮಾಗಿಯ ಒಂದು ಬೆಳಿಗ್ಗೆ ಹೊರಟೆವು. ಹಳಿಯಾಳದಲ್ಲಿ ಕೆಲಸ ಮುಗಿಸಿ ಹಾಗೇ ಮುಂಡಗೋಡಕ್ಕೆ, ಪೂರ್ಣಿಮಾಳ ಮನೆಗೆ ಹೋಗುವುದೆಂದು ಗೊತ್ತು ಮಾಡಿಕೊಂಡಿದ್ದೆವು. ಬಾಳೇಶನ ಅಂಗಡಿ ಎಂದರೆ ತಗಡಿನ ಮಾಡಿನ ಕೆಳಗೆ ಒಂದು ಬೆಂಚು, ಗೋಡೆಯ ತುಂಬ ತೂಗುಹಾಕಿದ ಸ್ಪೀಕರುಗಳು. ನನಗೆ ಬೆಂಚು ಒರೆಸಿಕೊಟ್ಟು, "ಕೂಡ್ರಿ ಕಾಕೂ, ಚಾ ತರಸ್ತೇನಿ" ಎಂದ. ಬಾಗಿಲಿನ ಒಳಹೊದಿಕೆಯನ್ನು ಬಿಚ್ಚಿ ಕಂಪನಿಯ ಸ್ಪೀಕರನ್ನು ಹೊರತೆಗೆದು ಇವರ ಕೈಗೆ ಕೊಟ್ಟ.

ಇವರು ಅದರ ಕಪ್ಪು ಬಟ್ಟಲನ್ನು ಎರಡು ಬೆರಳಲ್ಲಿ ಉಜ್ಜಿ ನೋಡಿ ಬೆರಗಾದರು. "ಏ ಪೂರ್ಣಿ ಅವ್ವ, ಇಲ್ಲಿ ಬಾ. ಇದು ಹಾಳಿ! ದನಿ ಬರೋದು ಹಾಳಿಯಿಂದ ನೋಡ!"

"ಹೌದ್ರಿ ಕಾಕಾ, ಎಲ್ಲಾ ಹಾಳೀನ. ನಾ ಹಾಕೋದೂ ಹಾಳೀದ, ಆದರ ಚಲೋ ಹಾಳಿ" ಎಂದ ಬಾಳೇಶ.

ಅಲ್ಲಿಂದ ಇವರನ್ನು ಹಿಡಿಯುವವರೇ ಇಲ್ಲ. ಹಳೆಯ ಹಾಳಿ ಇಷ್ಟು ತೆಳು, ಹೊಸದು ಇಷ್ಟು ದಪ್ಪ, ಇದರ ನಾರು ಉದ್ದ, ಅದರದು ಮೋಟು ಎಂದು ಬಾಳೇಶನ ಕಿವಿ ತಿಂದರು. ಅವನೂ ಹ್ಞೂಂಗುಟ್ಟುತ್ತ ಕೆಲಸ ಮಾಡಿದ. ಬಾಗಿಲಿನ ತಗಡಿನಲ್ಲಿದ್ದ ತೂತುಗಳನ್ನು ಮಾಳಿಗೆ ಸೋರದಂತೆ ಹಚ್ಚುವ ಡಾಂಬರು ಪಟ್ಟಿಯಿಂದ ಮುಚ್ಚಿದ. ಇವರು ಫೆಲ್ಟನ್ನು ತಗಡಿನ ಒಳಗೇ ತುರುಕಲು ಹೋದಾಗ ಕೈ ತಡೆದು, "ಒಳಗ ಬ್ಯಾಡ್ರಿ ಕಾಕಾ, ಮಳಿ ನೀರು ಕುಡದು ನಾರತೈತಿ. ಹೊದಿಕಿ ಹಿಂದ ಹಚ್ಚೂಣು" ಎಂದ. ಗಾಜಿನ ಮೂಲೆಯಲ್ಲಿ, ಎರಡೂ ಕಡೆ, ಹುಣಸೆಬೀಜದಷ್ಟು ಸಣ್ಣ ಸ್ಪೀಕರು ಕೂಡಿಸಿದ. ಅದಕ್ಕೆ ಟ್ವೀಟರ್ ಎನ್ನುತ್ತಾರಂತೆ. ಅಕ್ಷರದ ಚೂಪು, ತಾಳದ ಕಿಣಿಕಿಣಿ ಎಲ್ಲ ಅದರಿಂದಲೇ ಬರುವುದಂತೆ.

ಕೆಲಸ ಮುಗಿದಾಗ ಬಿಸಿಲು ಅಂಗಡಿಯ ನಡುವಿಗೆ ಬಂದಿತ್ತು. ನಾನು ಹಿಂದಿನ ಸೀಟಿನಲ್ಲಿ, ಇವರು ಮುಂದೆ, ಬಾಳೇಶ ಪಕ್ಕದ ಬಾಗಿಲು ತೆರೆದು ನೆಲದ ಮೇಲೆ ಮೊಣಕಾಲೂರಿ ಕೂತ. ಪೆನ್‌ಡ್ರೈವ್ ಹಾಕಿದ.

ಆಗ ಕೇಳಿದ್ದನ್ನು ಹೇಗೆ ಬರೆಯಲಿ? ಆ ಶ್ರಾವಣದ ಸಂಜೆ ಇಡಿಯಾಗಿ ಎದ್ದು ಕಾರಿನೊಳಗೆ ಬಂತು. ಮಂಟಪದ ಹೊರಗೆ ಹನಿ ಬೀಳುತ್ತಿದ್ದದ್ದು, ಚನಬಸಪ್ಪನವರ ತಾಳ, ನಾನು ಉಸಿರು ತೆಗೆದುಕೊಳ್ಳುವಾಗ ಬಳೆ ಒಂದಕ್ಕೊಂದು ತಾಗಿದ್ದು, ಎಲ್ಲೋ ಹಿಂದೆ ಗುರುಸಿದ್ದವ್ವ ಕೆಮ್ಮಿದ್ದು. ನಡುವೆ ನನ್ನ ದನಿ, ಒಂದೊಂದು ಅಕ್ಷರವೂ ತೊಳೆದಿಟ್ಟ ಅಕ್ಕಿಯಂತೆ ಬಿಡಿಬಿಡಿಯಾಗಿ. ನಾನು ಸೆರಗಿನಿಂದ ಕಣ್ಣು ಒತ್ತಿಕೊಂಡೆ. ಬಾಗಿಲಿನವಳ ಮೇಲಿನ ಸಿಟ್ಟೆಲ್ಲ ಹೋಗಿತ್ತು.

ಇವರು ಬಾಗಿಲಿಗೆ ಅಂಗೈ ಹಚ್ಚಿ ಬಹಳ ಹೊತ್ತು ಕೂತರು. ಆಮೇಲೆ, "ಗುಮ್ ಅನ್ನೋ ದಪ್ಪ ದನಿ ಚಲೋ ಬಂತಪ. ಆದ್ರ ಅಕ್ಷರ ಇನ್ನೂ ನುಂಗತಾವ. ತಾಳ ಎಲ್ಲೈತಿ?" ಎಂದರು.

ಬಾಳೇಶ ಬೆಪ್ಪಾದ. "ತಾಳ ಇಷ್ಟ ಜೋರು ಬರಾಕತ್ತೈತಲ್ರಿ ಕಾಕಾ!"

"ಇಲ್ಲೋ. ಏನೋ ಮುಚ್ಚಿದಂಗ ಐತಿ."

ಬಾಳೇಶ ವೈರು ಮುಟ್ಟಿ ನೋಡಿದ, ಸೆಟ್ಟಿನಲ್ಲಿ ಏನೇನೋ ತಿರುಗಿಸಿದ. ಇವರು ತಲೆ ಅಲ್ಲಾಡಿಸುತ್ತಲೇ ಇದ್ದರು. ಕಡೆಗೆ ಅವನು ಎರಡೂ ಟ್ವೀಟರುಗಳನ್ನು ಕಿತ್ತು ಮತ್ತೆ ಕೂಡಿಸೋಣ ಎಂದು ಅವುಗಳ ವೈರು ಬಿಡಿಸಿ ಕೈಯಲ್ಲಿ ಹಿಡಿದ. ನನ್ನ ಪಾಲಿಗೆ ದೀಪ ಆರಿದಂತಾಯಿತು. ತಾಳ ಇಲ್ಲ, ಬಳೆ ಇಲ್ಲ, ಹನಿ ಇಲ್ಲ.

ಅದೇ ಹೊತ್ತಿಗೆ ಇವರು, "ಹಾಂ, ಈಗ ಸ್ವಲ್ಪ ಸುಧಾರಿಸೇತಿ ನೋಡ" ಎಂದರು.

ಬಾಳೇಶ ಕೈಯಲ್ಲಿದ್ದ ಬಿಡಿ ವೈರು ನೋಡಿದ. ನನ್ನ ಮುಖ ನೋಡಿದ. ಅವನ ಜೋರು ಬಾಯಿ ಅಲ್ಲಿಗೆ ನಿಂತಿತು. ಮೆಲ್ಲಗೆ ಎರಡೂ ವೈರು ಮತ್ತೆ ಜೋಡಿಸಿ, ಕೈ ಒರೆಸಿಕೊಂಡು, "ದಾರಿ ಮ್ಯಾಲ ಕೇಳಕೋತ ಹೋಗ್ರಿ ಕಾಕಾ, ಹೊಸಾ ಹಾಳಿ ಮೆತ್ತಗಾಗಾಕ ಸ್ವಲ್ಪ ದಿನ ಬೇಕು" ಎಂದ. ಆ ಮಾತಿಗಾಗಿ ಅವನಿಗೆ ನಾನು ಇವತ್ತಿಗೂ ಋಣಿ. ಕೊಟ್ಟ ರೊಕ್ಕವನ್ನು ಅವನು ಎಣಿಸದೆ ಕಿಸೆಗೆ ಹಾಕಿಕೊಂಡ.

ಹಳಿಯಾಳದಿಂದ ಕಲಘಟಗಿಯ ಕಡೆಗೆ ಹೊರಟಾಗ ನಾನು ಮುಂದಿನ ಸೀಟಿಗೆ ಬಂದಿದ್ದೆ. ಕಬ್ಬಿನ ಗದ್ದೆಗಳು, ಕೊಯ್ದ ಭತ್ತದ ಕೂಳೆಗಳು ಬಿಸಿಲಿನಲ್ಲಿ ಹಿಂದಕ್ಕೆ ತೇಲುತ್ತಿದ್ದವು. ನನಗೆ ಏನೂ ಸರಿಯಾಗಿ ಕಾಣುತ್ತಿರಲಿಲ್ಲ. ತಲೆಯಲ್ಲಿ ಒಂದೇ ಮಾತು ಸುತ್ತುತ್ತಿತ್ತು. ಬಾಗಿಲಿನಿಂದ ಬಂದದ್ದು ನನ್ನ ಒಳ್ಳೆಯ ಕಾಲದ ದನಿ. ಇವರೇ ಮೆಚ್ಚಿದ, ಇವರೇ ಹಂಬಲಿಸಿದ ದನಿ. ಅದು ಇಷ್ಟು ನಿಚ್ಚಳವಾಗಿ ಬಂದಾಗಲೂ ಇವರಿಗೆ ಅಕ್ಷರ ನುಂಗಿದಂತೆ ಕೇಳಿತು. ಎರಡು ವರ್ಷದ ಹಿಂದೆ ಕಾಲೊನಿಯ ತಿರುವಿನಲ್ಲಿ ನನಗೆ ಅಂದದ್ದೂ ಇದೇ ಮಾತು. ಹಾಗಾದರೆ ಅವತ್ತು ನುಂಗಿದ್ದು ಯಾರು?

ಬಸಲಿಂಗಯ್ಯನವರು, ಚನಬಸಪ್ಪನವರು, ಇವರು. ಮೂರು ಜನ ಪಂಚರು, ಮೂರೂ ಜೋಡಿ ಕಿವಿ ಒಂದೇ ಮಶೀನಿನ ಬುಡದಲ್ಲಿ ಸವೆದವು. ಮೂವರಿಗೂ ಒಂದೇ ಸ್ವರ ಕೇಳದಾಗಿತ್ತು, ಮೂವರೂ ಒಂದೇ ತೀರ್ಪು ಕೊಟ್ಟರು. ನಾನು ಪೆದ್ದಿ, ಶ್ರುತಿ ತಿಳಿಯದ ಗುರುಸಿದ್ದವ್ವನ ಎರಡು ನೆಟ್ಟಗಿನ ಕಿವಿಗಳನ್ನು ಬಿಟ್ಟು ಇವರನ್ನು ನಂಬಿದೆ.

ಎಂಜಿನ್ನಿನ ಸದ್ದಿನ ಕೆಳಗೆ, ತುಟಿ ತೆರೆಯದೆ, ಮೆಲ್ಲಗೆ ಗುನುಗಿ ನೋಡಿದೆ. ಎರಡು ವರ್ಷ ಮುಟ್ಟದ ದನಿ. ಮೊದಲು ಸ್ವಲ್ಪ ತುಕ್ಕು ಬಂತು. ಮೇಲಕ್ಕೆ ಹತ್ತಿಸಿದೆ, ಇನ್ನೂ ಮೇಲಕ್ಕೆ. ಅದು ಹೋಗಿ ತನ್ನ ಜಾಗದಲ್ಲಿ ಕೂತಿತು. ಅಲುಗಲಿಲ್ಲ, ಬಿರಿಯಲಿಲ್ಲ. ಇವರು ಪಕ್ಕದಲ್ಲೇ ಸ್ಟಿಯರಿಂಗ್ ಹಿಡಿದಿದ್ದರು, ತಿರುಗಲಿಲ್ಲ. ಇದ್ದದ್ದನ್ನು ಇದ್ದ ಹಾಗೆ ಹೇಳುತ್ತೇನೆ, ನನಗೆ ಮೊದಲು ಬಂದದ್ದು ದುಃಖವಲ್ಲ, ಖುಷಿ. ಕಲಘಟಗಿ ದಾಟಿದ್ದು, ಕಾಡು ಮತ್ತೆ ಹತ್ತಿರ ಬಂದದ್ದು ಯಾವುದೂ ಗೊತ್ತಾಗದಷ್ಟು ಖುಷಿ. ಕಾರು ನೆಲದ ಮೇಲೆ ಓಡುತ್ತಿದೆ ಎಂದೇ ಅನ್ನಿಸುತ್ತಿರಲಿಲ್ಲ. ನನ್ನ ದನಿ ನನ್ನಲ್ಲೇ ಇತ್ತು.

ಅತ್ತಿವೇರಿಯ ಪಕ್ಷಿಧಾಮದ ದಾರಿ ಬಂದಾಗ ಇವರು, "ಹಕ್ಕಿ ನೋಡಕೊಂಡ ಹೋಗೂಣು, ಇದು ಮರಿ ಮಾಡೋ ಕಾಲ" ಎಂದು ಕಾರು ಹೊರಳಿಸಿದರು. ಪೂರ್ಣಿಮಾ ಚಿಕ್ಕವಳಿದ್ದಾಗಿನಿಂದ ಇವರಿಗೆ ಆ ಜಾಗದ ಹುಚ್ಚು. ಮಿಲ್ಲಿನ ಗದ್ದಲ ಬಿಟ್ಟು ರಜೆಗೆ ಬಂದವರು ಇಲ್ಲಿ ಹಕ್ಕಿಗಳ ಗದ್ದಲ ಕೇಳುತ್ತ ಅರ್ಧ ದಿನ ಕೂಡುತ್ತಿದ್ದರು. "ಅಲ್ಲಿಯ ಸದ್ದು ಹೊಟ್ಟಿಗೆ, ಇಲ್ಲಿಯ ಸದ್ದು ಜೀವಕ್ಕ" ಎನ್ನುತ್ತಿದ್ದರು.

ನೀರಿನ ದಂಡೆಯಲ್ಲಿ ನಿಂತೆವು. ಇಳಿಬಿಸಿಲು ನೀರಿನ ಮೇಲೆಲ್ಲ ಹರಡಿತ್ತು. ನಡುಗಡ್ಡೆಯ ಮರಗಳು ಹಕ್ಕಿಗಳಿಂದ ಬೆಳ್ಳಗಾಗಿದ್ದವು. ಬೆಳ್ಳಕ್ಕಿಗಳು, ನೀರುಕಾಗೆಗಳು, ಚಮಚದಂಥ ಕೊಕ್ಕಿನವು. ಗೂಡುಗೂಡಿನಲ್ಲಿ ಮರಿಗಳು ಕತ್ತು ಚಾಚಿ ಕಿರುಚುತ್ತಿದ್ದವು. ಒಂದು ತಾಯಿ ಬಂದು ಇಳಿದರೆ ಇಡೀ ಮರ ಚೀರುತ್ತಿತ್ತು. ಆ ಚೀರಾಟ ನೀರಿನ ಮೇಲೆ ತೇಲಿ ಬಂದು ನನ್ನ ಕಿವಿ ತುಂಬಿತು.

ಇವರು ಕಣ್ಣಿಗೆ ಕೈ ಅಡ್ಡ ಹಿಡಿದು ನೋಡಿದರು. ಮುಖದಲ್ಲಿ ಸಣ್ಣ ಮಗುವಿನ ನಿರಾಶೆ ಇತ್ತು. "ಇಷ್ಟ ಹಕ್ಕಿ ಅದಾವ, ಆದ್ರ ಯಾಕೋ ಈ ವರ್ಷ ಸುಮ್ನ ಕುಂತಾವಲ್ಲ? ಮರಿ ಬಾಯಿ ತಗೀತಾವ, ಒದರವಲ್ಲವು. ಏನರ ರೋಗ ಬಂದೈತೇನು?"

ನನ್ನ ಖುಷಿ ಅಲ್ಲೇ ಕಾಲ ಬುಡದಲ್ಲಿ ಬಿದ್ದಿತು. ಈ ಮನುಷ್ಯನ ಲೋಕದಿಂದ ಒಂದೊಂದಾಗಿ ಎಲ್ಲ ಎದ್ದು ಹೋಗಿದ್ದವು. ತಾಳ, ಬಳೆ, ಹನಿ, ಹಕ್ಕಿಮರಿ, ಹೆಂಡತಿ. ಇವರು ಪ್ರತಿಯೊಂದನ್ನೂ ಕೆಟ್ಟಿದೆ ಎಂದು ತಿಳಿದು, ಪ್ರತಿಯೊಂದಕ್ಕೂ ಮರುಗಿ, ಕಡೆಗೆ ಒಂದನ್ನಾದರೂ ಉಳಿಸಿಕೊಳ್ಳೋಣ ಎಂದು ಕಾರಿನ ಬಾಗಿಲು ಬಿಚ್ಚಿಸಿದ್ದರು. ನನಗೆ ಅಳು ತಡೆಯಲಾಗಲಿಲ್ಲ.

"ಯಾಕ? ಏನಾತು?" ಎಂದರು ಗಾಬರಿಯಾಗಿ.

ಹೇಳಬೇಕಿತ್ತು. ನಾನು ಹೇಳದಿದ್ದರೆ ಇವರು ಮನೆಗೆ ಹೋಗಿ ಇನ್ನೂ ಒಂದು ಜೊತೆ ಸ್ಪೀಕರು ಹುಡುಕುತ್ತಾರೆ, ನಾನು ಇನ್ನೂ ಎರಡು ವರ್ಷ ಚಪ್ಪಾಳೆ ತಟ್ಟುತ್ತೇನೆ. ಆದರೆ ನಿಮಗೆ ಕಿವಿ ಕೇಳುವುದಿಲ್ಲ ಎಂದು, ಕಿವಿಯಿಂದಲೇ ಅನ್ನ ತಿಂದ ಗಂಡಸಿಗೆ ಕೂಗಿ ಹೇಳಲು ನನಗೆ ಬಾಯಿ ಬರಲಿಲ್ಲ. ನಾನು ಅವರ ಮುಂದೆ ಬಂದು ನಿಂತೆ. ನಡುಗಡ್ಡೆಯ ಮರಗಳ ಕಡೆ ಬೆರಳು ಮಾಡಿ, ಐದೂ ಬೆರಳು ಕೊಕ್ಕಿನಂತೆ ಜೋರಾಗಿ ಬಡಿದು ತೋರಿಸಿದೆ. ಆಮೇಲೆ ಅವರ ಕಿವಿಯನ್ನು ಮೆಲ್ಲಗೆ ಮುಟ್ಟಿದೆ. ಎರಡು ಮುಷ್ಟಿ ಜೋಡಿಸಿದೆ. ಎಳೆದೆ.

ಹಾಳಿ ಹರಿದಿದೆ.

ಇವರು ನನ್ನ ಮುಷ್ಟಿಗಳನ್ನು ನೋಡುತ್ತ ನಿಂತರು. ತಿರುಗಿ ಹಕ್ಕಿಗಳನ್ನು ನೋಡಿದರು. ಮರಿಗಳು ಬಾಯಿ ತೆರೆದೇ ಇದ್ದವು. ಇವರು ತಮ್ಮ ಅಂಗೈಯನ್ನು ನಿಧಾನ ಎತ್ತಿ ತಮ್ಮ ಕಿವಿಯ ಮೇಲೆ ಇಟ್ಟುಕೊಂಡರು, ಕೆಟ್ಟ ಬೇರಿಂಗಿನ ಮೇಲೆ ಇಡುತ್ತಿದ್ದ ಹಾಗೆ. ಸಿಟ್ಟಾಗುತ್ತಾರೆ ಎಂದುಕೊಂಡೆ. ಇಲ್ಲ ಎನ್ನುತ್ತಾರೆ, ಬಾಳೇಶನನ್ನು ಬಯ್ಯುತ್ತಾರೆ ಎಂದುಕೊಂಡೆ. ಅವರ ಬಾಯಿಂದ ಬಂದದ್ದು ಬೇರೆ.

"ಹಂಗಾರ ನಿನ್ನ ದನಿ?"

ನಾನು ತಲೆ ಆಡಿಸಿದೆ. "ಐತಿ."

"ಹೋಗಿಲ್ಲ?"

"ಎಲ್ಲೂ ಹೋಗಿಲ್ಲರೀ. ಇಲ್ಲೇ ಐತಿ."

ಅವರ ಕಣ್ಣು ತುಂಬಿದವು. "ನಾನ ನಿನ್ನ ಬಾಯಿ ಮುಚ್ಚಿಸಿದೆನಲ್ಲ" ಎಂದರು. ಕಿವಿಯ ಬಗ್ಗೆ ಒಂದು ಮಾತು ಆಡಲಿಲ್ಲ. ಇಬ್ಬರೂ ದಂಡೆಯ ಮೇಲೆ ನಿಂತು ಅತ್ತೆವು. ಹಕ್ಕಿ ನೋಡಲು ಬಂದಿದ್ದ ಹುಡುಗಿಯರು ದೂರಬೀನು ಕೆಳಗಿಳಿಸಿ ನಮ್ಮನ್ನು ನೋಡಿದರು. ಅತ್ತು ಮುಗಿದ ಮೇಲೆ ಇವರೇ ಮೂಗು ಒರೆಸಿಕೊಂಡು, "ಬಸಲಿಂಗಯ್ಯಗ ಯಾರು ಹೇಳೋರು? ಅಂವಾ ಹಾರ್ಮೋನಿಯಂ ಕೆಟ್ಟೈತಿ ಅಂತ ಹೊಸಾದ ತಗೋಳಾಕ ಹೊಂಟಾನ" ಎಂದರು. ನನಗೆ ಅಳುವಿನ ನಡುವೆಯೇ ನಗು ಬಂತು.

"ಹುಬ್ಬಳ್ಯಾಗ ಕಿವಿ ಡಾಕ್ಟರ್ ಅದಾರಂತ. ಪೂರ್ಣಿಗೆ ಹೇಳೂಣು, ಮೂವರನ್ನೂ ಕರಕೊಂಡ ಹೋಗ್ತಾಳ" ಎಂದು ಅವರ ಮುಖಕ್ಕೆ ಎದುರಾಗಿ ಬಿಡಿಸಿ ಹೇಳಿದೆ. ಅವರು ಹ್ಞೂಂ ಎಂದರು.

ಕಾರಿಗೆ ಬಂದು ಕೂತೆವು. ಇವರು ಗಾಜು ಏರಿಸಿದರು. ಕೀಲಿ ತಿರುಗಿಸಿದ ಕೂಡಲೇ ಬಾಗಿಲಿನವಳು ನಿಲ್ಲಿಸಿದ್ದಲ್ಲಿಂದ ಹಾಡಲು ಶುರು ಮಾಡಿದಳು. ಇವರು ಕೈ ಚಾಚಿ ಪೆನ್‌ಡ್ರೈವ್ ಕಿತ್ತು ನನ್ನ ಉಡಿಯಲ್ಲಿ ಇಟ್ಟರು.

"ಬಾಗಲದಾಕಿ ಸಾಕು. ನೀ ಹಾಡು."

"ಇಲ್ಲೇನ? ಮಂದಿ ಅದಾರರೀ."

"ಅವರು ಹಕ್ಕಿ ನೋಡಾಕ ಬಂದಾರ. ಹಾಡು."

"ನಿಮಗ ಕೇಳಬೇಕಲ್ಲ?"

ಅವರು ನನ್ನನ್ನು ಸ್ವಲ್ಪ ಮುಂದಕ್ಕೆ ಬಾಗಿಸಿ, ಸೀಟಿಗೂ ನನಗೂ ನಡುವೆ ಕೈ ತೂರಿಸಿ, ಬೆನ್ನಿನ ಮೇಲೆ, ಎರಡು ರೆಕ್ಕೆ ಎಲುಬುಗಳ ನಡುವೆ, ಅಂಗೈ ಊರಿದರು. ಕಣ್ಣು ಮುಚ್ಚಿದರು. ಅವಲಕ್ಕಿಯ ತಟ್ಟೆ ತೊಡೆಯ ಮೇಲಿಟ್ಟುಕೊಂಡು ಕೂತಿದ್ದ ಹುಡುಗ ಹೀಗೆಯೇ ಮುಚ್ಚಿದ್ದ.

ನಾನು ಹಾಡಿದೆ. ಆ ಶ್ರಾವಣದ ತತ್ವಪದವನ್ನೇ ಎತ್ತಿಕೊಂಡೆ. ಮೊದಲ ಸಾಲಿನಲ್ಲಿ ದನಿ ನಡುಗಿತು, ಎರಡನೆಯದರಲ್ಲಿ ನಿಂತಿತು. ಗಾಜಿನಾಚೆ ಹಕ್ಕಿಗಳು ಸಾಲುಸಾಲಾಗಿ ಮರಕ್ಕೆ ಮರಳುತ್ತಿದ್ದವು. ನನ್ನ ಬೆನ್ನಿನಲ್ಲಿ ಆ ಅಂಗೈ ಮೆಲ್ಲಗೆ ಬಿಸಿಯಾಗುತ್ತ ಬಂತು. ನಾನು ಮೇಲೆ ಏರಿದಾಗ ಅದು ಒತ್ತುತ್ತಿತ್ತು, ಇಳಿದಾಗ ಸಡಿಲವಾಗುತ್ತಿತ್ತು. ಒಂದು ಅಕ್ಷರವನ್ನೂ ಅದು ಬಿಡಲಿಲ್ಲ.

ಎತ್ತರದ ಆ ಸಾಲಿಗೆ ಬಂದೆ. ಎರಡು ವರ್ಷ ಹೆದರಿ ಮುಟ್ಟದ ಸಾಲು. ಉಸಿರು ತುಂಬಿಕೊಂಡು ಹತ್ತಿದೆ, ಹತ್ತಿ ಅಲ್ಲೇ ನಿಂತೆ. ಇವರು ಕಣ್ಣು ತೆರೆಯಲಿಲ್ಲ. ಬೆನ್ನಿನ ಮೇಲಿನ ಕೈ ಅಲ್ಲೇ ಇತ್ತು. ಇನ್ನೊಂದು ಕೈ ಸ್ಟಿಯರಿಂಗಿನಿಂದ ಎದ್ದಿತು, ಚಪ್ಪಟೆಯಾಯಿತು, ಗಾಳಿಯಲ್ಲಿ ನಿಧಾನ, ಬಹಳ ನಿಧಾನ ಮುಂದೆ ಸರಿಯಿತು.